ಒಳಗಿನ ಉಡದಾರ

ನನ್ನ ಜಠರದ ಮೇಲ್ತುದಿಗೆ ಸಿಲಿಕೋನಿನ ಒಂದು ಪಟ್ಟಿ ಸುತ್ತಿದೆ. ವೈದ್ಯರು ಅದಕ್ಕೆ ಗ್ಯಾಸ್ಟ್ರಿಕ್ ಬ್ಯಾಂಡ್ ಅನ್ನುತ್ತಾರೆ. ನನ್ನ ನೆಗೆಣ್ಣಿಯ ಲೆಕ್ಕದಲ್ಲಿ ಅದು ಉಡದಾರ. "ಎಲ್ಲಾರೂ ಹೊರಗ ಕಟ್ಕೋತಾರ, ಈಕಿ ಬೆಂಗಳೂರಿಗೆ ಹೋಗಿ ಒಳಗ ಕಟ್ಟಿಸ್ಕೊಂಡು ಬಂದಾಳ" ಎಂದು ಆಕೆ ಓಣಿಯ ಹೆಂಗಸರ ಮುಂದೆ ಆಡಿದ ಮಾತು ಕುಂದಗೋಳದ ತುಂಬ ಹಬ್ಬಿತು. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿ ಒಂದು ದಿನ ನನ್ನ ಸೊಂಟದ ಕಡೆ ನೋಡಿ, ದನಿ ತಗ್ಗಿಸಿ, "ಬೆಳ್ಳಿದೇನ್ರಿ ಅಕ್ಕೋರ?" ಎಂದು ಕೇಳಿದಳು.

ಬೆಳ್ಳಿಯದಲ್ಲ, ಖರ್ಚು ಮಾತ್ರ ಬೆಳ್ಳಿಯದಕ್ಕಿಂತ ಹೆಚ್ಚು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಅನ್ನನಾಳ ಮುಗಿದು ಜಠರ ಶುರುವಾಗುವಲ್ಲಿ ಈ ಪಟ್ಟಿ ಸುತ್ತಿ ಕೊಂಡಿ ಹಾಕುತ್ತಾರೆ. ಪಟ್ಟಿಯ ಮೇಲ್ಗಡೆ ಉಳಿಯುವ ಜಾಗ ಮೂವತ್ತು ಎಂ.ಎಲ್. ಹಿಡಿದರೆ ಹೆಚ್ಚು. ಪಟ್ಟಿಯ ಒಳಮೈ ಪೊಳ್ಳು. ಅಲ್ಲಿಂದ ಒಂದು ಸಣ್ಣ ನಳಿಕೆ ಹೊರಟು ಚರ್ಮದ ಕೆಳಗೆ ಹೊಲಿದಿಟ್ಟ ಬಿಲ್ಲೆಯೊಂದನ್ನು ಸೇರುತ್ತದೆ. ಆ ಬಿಲ್ಲೆಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಪಟ್ಟಿ ಬಿಗಿಯುತ್ತದೆ, ಎಳೆದು ತೆಗೆದರೆ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳನ್ನು ಬೇರೆ ಕಡೆ ಜೋಡಿಸುವುದಿಲ್ಲ, ಬೇಡವಾದರೆ ತೆಗೆಯಬಹುದು. ನನ್ನನ್ನು ಒಪ್ಪಿಸಿದ್ದು ಈ ಕೊನೆಯ ಮಾತು.

ಹೀಗೆ ಬೇಕಾದಾಗ ಬಿಗಿದು ಬೇಕಾದಾಗ ಸಡಿಲಿಸುವ ಪಟ್ಟಿಯನ್ನು 1986ರಲ್ಲಿ ಮೊದಮೊದಲು ಬಳಸಿದವರಲ್ಲಿ ಒಬ್ಬರು ಅಮೆರಿಕದಲ್ಲಿ ನೆಲೆಸಿದ್ದ ಉಕ್ರೇನ್ ಮೂಲದ ಲುಬೊಮಿರ್ ಕುಜ್ಮಾಕ್. ಹೊಟ್ಟೆ ಸೀಳದೆ, ತೂತುಗಳ ಮೂಲಕವೇ ಅದನ್ನು ಕೂಡಿಸಬಹುದೆಂದು 1993ರಲ್ಲಿ ಬೆಲ್ಜಿಯಂನಲ್ಲಿ ಮಾಡಿ ತೋರಿಸಿದವರು ಮಿತಿಕು ಬೆಲಾಚೆವ್. ಇವರು ಹುಟ್ಟಿ ಬೆಳೆದದ್ದು ಇಥಿಯೋಪಿಯಾದಲ್ಲಿ. ನಾವು ಶಾಲೆಯಲ್ಲಿದ್ದಾಗ ಪತ್ರಿಕೆಯಲ್ಲಿ ಆ ದೇಶದ ಹೆಸರು ಬರುತ್ತಿದ್ದದ್ದು ಬರಗಾಲದ ಜೊತೆಗೆ ಮಾತ್ರ, ಪಕ್ಕೆಲುಬು ಎಣಿಸಬಹುದಾದ ಮಕ್ಕಳ ಚಿತ್ರದ ಕೆಳಗೆ. ಅಲ್ಲಿಂದ ಬಂದ ಒಬ್ಬ ಮನುಷ್ಯ ಹೆಚ್ಚು ಉಂಡವರ ಜಠರಕ್ಕೆ ಪಟ್ಟಿ ಬಿಗಿಯುವುದನ್ನು ಜಗತ್ತಿಗೆ ಕಲಿಸಿದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಪಟ್ಟಿ ಹಾಕಿಸಿಕೊಳ್ಳುವುದಕ್ಕೂ ಮೊದಲಿನ ಮಾತು ಅದು.

ಕುಂದಗೋಳದವರಿಗೆ ಕ್ವಿಂಟಲ್ ಅಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಮೆಣಸಿನಕಾಯಿ, ಹತ್ತಿ, ಶೇಂಗಾ ಎಲ್ಲ ಅದೇ ಲೆಕ್ಕದಲ್ಲಿ ಮನೆಗೆ ಬರುತ್ತವೆ, ಮನೆಯಿಂದ ಹೋಗುತ್ತವೆ. ನಮ್ಮ ಮನೆಯವರು ಮೆಣಸಿನಕಾಯಿ ವ್ಯಾಪಾರದವರು, ತೂಕದ ವಿಷಯದಲ್ಲಿ ಮುಲಾಜಿಲ್ಲ. ಹುಬ್ಬಳ್ಳಿಯ ವೈದ್ಯರ ಕಾಟಾದ ಮೇಲೆ ನಾನು ನಿಂತಾಗ ಮುಳ್ಳು ನೋಡಿ, "ಒಂದು ಕ್ವಿಂಟಲ್ ಹನ್ನೆರಡು ಕೆ.ಜಿ." ಎಂದು ಬಿಲ್ ಬರೆಸುವ ದನಿಯಲ್ಲೇ ಹೇಳಿದರು. ನನ್ನ ಎತ್ತರ ಐದು ಅಡಿ ಎರಡು ಇಂಚು. ವೈದ್ಯರು ಎತ್ತರಕ್ಕೂ ತೂಕಕ್ಕೂ ಭಾಗಾಕಾರ ಮಾಡಿ ಬಿ.ಎಂ.ಐ. 45 ಎಂದರು. ಆಗಿನ ಲೆಕ್ಕದಲ್ಲಿ ನಮ್ಮ ದೇಶದವರಿಗೆ ಅದು 37.5 ದಾಟಿದರೆ, ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಜೊತೆಗಿದ್ದರೆ 32.5 ದಾಟಿದರೂ, ಆಪರೇಷನ್ ಮಾತು ಎತ್ತಬಹುದಿತ್ತಂತೆ. ಯುರೋಪಿನವರಿಗೆ ಗೆರೆ ಇನ್ನೂ ಮೇಲಿತ್ತು. ನಮ್ಮ ಮೈ ಕಡಿಮೆ ತೂಕಕ್ಕೇ ಸಕ್ಕರೆಯನ್ನು ಕರೆದುಕೊಳ್ಳುತ್ತದೆ. ನನಗೆ ಸಕ್ಕರೆ ಇತ್ತು, ಬಿ.ಪಿ. ಇತ್ತು, ಮೊಣಕಾಲಿನ ಬಗ್ಗೆ ಹೇಳದಿರುವುದೇ ಒಳ್ಳೆಯದು. ಆಗ ಬಿ.ಜೆ.ಪಿ. ಅಧ್ಯಕ್ಷರಾಗಿದ್ದ ನಿತಿನ್ ಗಡ್ಕರಿ 2011ರಲ್ಲಿ ಮುಂಬೈಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡದ್ದು ಪತ್ರಿಕೆಯಲ್ಲಿ ಬಂದಿತ್ತು. ನಮ್ಮ ಮನೆಯವರ ಅಂಜಿಕೆ ಬಿಡಿಸಿದ್ದು ಆ ಸುದ್ದಿಯೇ ಹೊರತು ನನ್ನ ಮೊಣಕಾಲಲ್ಲ.

ಅತ್ತೆಯನ್ನು ಒಪ್ಪಿಸುವುದು ಬೇರೆ ಕೆಲಸ. "ದೇವ್ರು ಕೊಟ್ಟ ಮೈಗೆ ಕತ್ತರಿ ಹಾಕಸ್ಬಾರದವ್ವಾ" ಎಂದರು. ಅತ್ತೆ ಸಣ್ಣವರಿದ್ದಾಗ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದಿಳಿದು ಸವಾಯಿ ಗಂಧರ್ವರ ಹತ್ತಿರ ಸಂಗೀತದ ಪಾಠಕ್ಕೆ ಹೋಗುವುದನ್ನು ಕಂಡವರು, ಅದನ್ನು ಹೇಳದೆ ಅವರ ದಿನ ಮುಗಿಯುತ್ತಿರಲಿಲ್ಲ. "ಅವ್ರ ಗಂಟಲಿಗೂ ಆಪರೇಷನ್ ಆಗಿತ್ತಲ್ಲ ಅತ್ತಿ, ಆಮ್ಯಾಲ ಅಲ್ಲೇನು ಆ ದನಿ ಬಂದದ್ದು?" ಎಂದೆ. ಕುಂದಗೋಳದಲ್ಲಿ ಈ ವಾದಕ್ಕೆ ಎದುರು ವಾದವಿಲ್ಲ. ಅತ್ತೆ ಸುಮ್ಮನಾದರು.

ಮೊದಲ ಎರಡು ವಾರ ಬರೀ ತೆಳುವಾದದ್ದು. ಆಸ್ಪತ್ರೆಯ ಚೀಟಿಯಲ್ಲಿ ಸೂಪು, ಪ್ರೋಟೀನ್ ಪುಡಿ, ಸಕ್ಕರೆಯಿಲ್ಲದ ಜೆಲ್ಲಿ ಎಂದಿತ್ತು. ಜೆಲ್ಲಿ ಹುಡುಕುವ ಪ್ರಸಂಗ ಬರಲಿಲ್ಲ. ಜೋಳದ ಅಂಬಲಿ, ಬ್ಯಾಳಿ ಕಟ್ಟು, ನೀರು ಮಜ್ಜಿಗೆ ಮನೆಯಲ್ಲೇ ಇದ್ದವು. ಆಮೇಲೆ ನುಚ್ಚು, ಕಿವುಚಿದ ಹೆಸರುಬ್ಯಾಳಿ. ಅಲ್ಲಿಯವರೆಗೆ ಎಲ್ಲ ಸುಗಮ. ಜಗಳ ಶುರುವಾದದ್ದು ರೊಟ್ಟಿಯಿಂದ.

ನೆಗೆಣ್ಣಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ನಮ್ಮ ಓಣಿ ಹೊತ್ತು ತಿಳಿದುಕೊಳ್ಳುತ್ತದೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿ ನೇರವಾಗಿ ತಾಟಿಗೆ ಬೀಳಬೇಕು. ನಡುವೆ ಹೊತ್ತು ಹೋದರೆ ಆಕೆಗೆ ಸಮಾಧಾನವಿಲ್ಲ. ಆದರೆ ಬಿಸಿ ರೊಟ್ಟಿ ಮೆತ್ತಗಿರುತ್ತದೆ. ಅಗಿದಷ್ಟೂ ಬಾಯಲ್ಲಿ ಉಂಡೆಯಾಗುತ್ತದೆ, ಆ ಉಂಡೆ ಹೋಗಿ ಪಟ್ಟಿಯ ಬಾಯಲ್ಲಿ ಕೂತುಬಿಡುತ್ತದೆ. ಎದೆಯೆಲುಬಿನ ಹಿಂದೆ ಒತ್ತಿ ಹಿಡಿದ ನೋವು, ಬಾಯಿ ತುಂಬ ಜೊಲ್ಲು, ಜೊಲ್ಲಿನ ಜೊತೆ ನೊರೆ. ನೀರು ಕುಡಿದರೆ ನೀರೂ ಅದರ ಮೇಲೆಯೇ ನಿಲ್ಲುತ್ತದೆ. ಹಿತ್ತಲಲ್ಲಿ ಬಗ್ಗಿ ನಿಂತು, ಅದು ಮೇಲೆ ಬರುವುದೋ ಕೆಳಗೆ ಹೋಗುವುದೋ ತಾನೇ ತೀರ್ಮಾನಿಸುವವರೆಗೆ ಕಾಯಬೇಕು. ಬಿಳಿ ಅನ್ನವೂ ಇದೇ ಜಾತಿ. ಪೇಟೆಯ ಬ್ರೆಡ್ಡು ಇನ್ನೂ ಕೆಟ್ಟದ್ದು. ಕಡಕ್ ರೊಟ್ಟಿ ಮಾತ್ರ ತಕರಾರಿಲ್ಲದೆ ಇಳಿಯುತ್ತದೆ. ಮುರಿದು, ಪುಡಿಯಾಗುವವರೆಗೆ ಅಗಿದು, ಪುಂಡಿ ಪಲ್ಯದ ಜೊತೆ ಕಳಿಸಿದರೆ ಪಟ್ಟಿಗೆ ಗೊತ್ತೇ ಆಗುವುದಿಲ್ಲ.

ಇದನ್ನು ಅಡುಗೆಮನೆಯಲ್ಲಿ ಹೇಳುವುದು ಹೇಗೆ? ಹಂಚಿನ ಮುಂದೆ ಬೆವರಿಳಿಸುತ್ತ ಕೂತವಳ ಎದುರು, "ಅಕ್ಕಾ, ಬಿಸಿದು ಬ್ಯಾಡ, ಡಬ್ಬ್ಯಾಗಿನ ಕಡಕ್ ರೊಟ್ಟಿ ಕೊಡು" ಎಂದೆ. "ಊರಿಗೆ ಹೊಂಟವ್ರು ಬುತ್ತಿ ಕಟ್ಕೊಂಡು ಹೋಗೋ ರೊಟ್ಟಿ ಅದು. ಮನ್ಯಾಗ ಕುಂತು ಅದನ್ನ ಉಣ್ಣಾಕ ನೀ ಯಾವೂರಿಗೆ ಹೊಂಟಿ?" ಎಂದು ಕೇಳಿ, ಮಾತು ಬಿಟ್ಟಳು. ಮಾತು ಬಿಟ್ಟವಳು ಬಡಿಸುವುದನ್ನು ಬಿಡಲಿಲ್ಲ. ಅದೇ ಕಷ್ಟ.

ಅದಕ್ಕಿಂತ ವಿಚಿತ್ರದ ಸಂಗತಿ ಆಮೇಲೆ ತಿಳಿಯಿತು. ಹೊಲದಲ್ಲಿ ಬೆಳೆದ ಜೋಳದ ರೊಟ್ಟಿಯನ್ನು ತಡೆದು ನಿಲ್ಲಿಸುವ ಪಟ್ಟಿ ಧಾರವಾಡದ ಪೇಡೆಯನ್ನು ತಡೆಯುವುದಿಲ್ಲ. ಪೇಡೆ ಬಾಯಲ್ಲೇ ಕರಗುತ್ತದೆ, ನಾಲ್ಕು ತಿಂದರೂ ಸದ್ದಿಲ್ಲದೆ ಜಾರುತ್ತದೆ. ಹಾಲು ತುಪ್ಪದಲ್ಲಿ ಕಲಸಿದ ಮಾದಲಿ ಜಾರುತ್ತದೆ, ಹೂರಣ ಜಾರುತ್ತದೆ, ಐಸ್‌ಕ್ರೀಮಿಗಂತೂ ದಾರಿ ಸದಾ ತೆರೆದಿದೆ. ಹೊಟ್ಟೆಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಪಟ್ಟಿಗೆ ತಿಳಿಯದು. ಕರಗುವುದು ಉಂಡೆಯಾಗುವುದು, ಇಷ್ಟೇ ಅದರ ವಿದ್ಯೆ. ಬ್ಯಾಂಡ್ ಹಾಕಿಸಿಕೊಂಡೂ ತೂಕ ಇಳಿಯದವರು ಬಹಳ ಮಂದಿ ಇದ್ದಾರೆ, ಅವರನ್ನು ಬೈಯುವವರಿಗೆ ಈ ಸಣ್ಣ ಸಂಗತಿ ಗೊತ್ತಿರುವುದಿಲ್ಲ. ರೊಟ್ಟಿ ಪಲ್ಯ ತಿಂದರೆ ನೋವು, ಪೇಡೆ ತಿಂದರೆ ಸುಖ ಎಂದು ಮೈಯೇ ದಿನವೂ ಪಾಠ ಹೇಳುವಾಗ ಮನುಷ್ಯ ಎಷ್ಟು ದಿನ ರೊಟ್ಟಿಯ ಪಕ್ಷ ವಹಿಸಿಯಾನು?

ನಾನು ವಹಿಸಿದ್ದರೆ ಅದಕ್ಕೆ ಕಾರಣ ನೆಗೆಣ್ಣಿ. ನನ್ನ ಊಟಕ್ಕೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. ಉಗುರಿನಷ್ಟು ತುತ್ತು, ಇಪ್ಪತ್ತು ಸಲ ಅಗಿಯುವುದು, ನಡುವೆ ನೀರಿಲ್ಲ. ಊಟ ಮುಗಿದು ಅರ್ಧ ಗಂಟೆ ಕಳೆದ ಮೇಲೆ ನೀರು. ಮೂಗು ಸೋರಿದರೆ, ಒಂದು ಬಿಕ್ಕಳಿಕೆ ಬಂದರೆ, ಅಲ್ಲಿಗೆ ಸಾಕೆಂದು ಅರ್ಥ. ಇನ್ನೊಂದು ತುತ್ತು ಎಂದರೆ ಹಿತ್ತಲಿಗೆ. ಎಲ್ಲರೂ ಉಂಡು ಕೈ ತೊಳೆದು ಎದ್ದಮೇಲೆ ತಾಟಿನ ಮುಂದೆ ನಾನೊಬ್ಬಳೇ ಉಳಿಯುತ್ತಿದ್ದೆ. ಒಬ್ಬಳನ್ನೇ ಉಣ್ಣಲು ಬಿಟ್ಟು ಹೋಗುವುದು ನಮ್ಮ ಮನೆಯ ರೀತಿಯಲ್ಲ, ಮಾತು ಬಿಟ್ಟಿದ್ದರೂ ನೆಗೆಣ್ಣಿ ಎದುರಿಗೆ ಬಂದು ಕೂತಳು. ಅಲ್ಲಿಯವರೆಗೆ ಆಕೆ ಉಣ್ಣುತ್ತಿದ್ದದ್ದು ಒಲೆಯ ಮಗ್ಗುಲಲ್ಲಿ, ಒಂದು ಮೊಣಕಾಲೂರಿ, ಐದು ನಿಮಿಷದಲ್ಲಿ, ಉಳಿದದ್ದನ್ನು ಗೋರಿಕೊಂಡು. ಈಗ ಸುಮ್ಮನೆ ಕೂತು ಬೇಸರವಾಗಿ ತನ್ನ ತಾಟನ್ನೂ ತಂದುಕೊಂಡಳು. ಗಂಡಸರದು ಮುಗಿದ ಮೇಲೆ ನಾವಿಬ್ಬರೂ ಪಡಸಾಲೆಯಲ್ಲಿ ಎದುರಾಬದುರು ಕೂತು ನಿಧಾನಕ್ಕೆ ಉಣ್ಣುವುದು ರೂಢಿಯಾಯಿತು. ಪೇಡೆಯ ಡಬ್ಬಿ ಅಟ್ಟಕ್ಕೆ ಹೋದದ್ದು ಆಕೆಯ ಕೈಯಿಂದಲೇ. ಕೆಲವು ದಿನಕ್ಕೆ ಅಂಗೈಯಗಲದ ತೆಳು ರೊಟ್ಟಿ ಬೇರೆಯಾಗಿ ಬಡಿದು, ಒಲೆಯ ಮಗ್ಗುಲಿಗೆ ಒರಗಿಸಿ ಕಡಕ್ ಮಾಡಿ ಇಡತೊಡಗಿದಳು. ಯಾರಿಗೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆಯೊಳಗೆ ಹೀಗೆ ರಾಜಿಯಾಯಿತು. ಹೊರಗಿನ ಪಂಕ್ತಿಯ ಕಥೆಯೇ ಬೇರೆ. ಮದುವೆಯ ಪಂಕ್ತಿಯಲ್ಲಿ ಬಡಿಸುವವನ ಕೈಗೆ ಕಿವಿಯಿಲ್ಲ. "ಸಾಕ್ರಿ" ಎಂದರೆ ನಾಚಿಕೆ ಎಂದು ತಿಳಿಯುತ್ತಾನೆ, "ಬ್ಯಾಡ್ರಿ" ಎಂದರೆ ಬಿಗುಮಾನ ಎಂದು. ಎರಡೂ ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಸಾರು ಬಿಡುತ್ತಾನೆ. ಬೀಗರು ಬಂದು, "ಏನ್ರಿ, ನಮ್ಮನಿ ಅಡಗಿ ರುಚಿ ಆಗಿಲ್ಲೇನು?" ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಮಠದ ಪ್ರಸಾದವಾದರೆ ಇನ್ನೂ ಸೂಕ್ಷ್ಮ, ತಾಟಿನಲ್ಲಿ ಒಂದಗುಳು ಬಿಡುವ ಹಾಗಿಲ್ಲ. ನಾನು ಪಕ್ಕದಲ್ಲಿ ಯಾವಾಗಲೂ ಹೈಸ್ಕೂಲಿನ ಹುಡುಗನೊಬ್ಬನನ್ನು ಕೂಡಿಸಿಕೊಳ್ಳುತ್ತೇನೆ. ಶಿಕ್ಷಕಿಯಾಗಿರುವುದರ ಅನುಕೂಲ ಇದು, ಹಸಿದ ಹುಡುಗರಿಗೆ ಕೊರತೆಯಿಲ್ಲ. ಬಫೆ ಊಟವನ್ನು ನಮ್ಮ ಕಡೆ ಹಿರಿಯರೆಲ್ಲ ಬೈಯುತ್ತಾರೆ, ನಿಂತು ಉಣ್ಣುವುದು ಯಾವ ಸಂಸ್ಕೃತಿ ಎನ್ನುತ್ತಾರೆ. ಇಡೀ ತಾಲೂಕಿನಲ್ಲಿ ಬಫೆಯ ಪರವಾಗಿ ಮಾತಾಡುವವಳು ನಾನೊಬ್ಬಳೇ ಇರಬೇಕು. ಅಲ್ಲಿ ಎರಡು ಚಮಚ ಹಾಕಿಕೊಂಡು ಒಂದು ತಾಸು ಓಡಾಡಬಹುದು, ಯಾರೂ ನೋಡುವುದಿಲ್ಲ.

ತೂಕ ಇಳಿದದ್ದು ನಿಧಾನಕ್ಕೆ. ಬ್ಯಾಂಡಿನ ಸ್ವಭಾವವೇ ಅದು. ಶುರುವಿನಲ್ಲಿ ವಾರಕ್ಕೆ ಅರ್ಧ ಕೆ.ಜಿ., ಬಹಳವೆಂದರೆ ಒಂದು. ಹೆಚ್ಚಿಗೆಯಿದ್ದ ತೂಕದಲ್ಲಿ ಅರ್ಧದಷ್ಟು ಹೋದರೆ ಬ್ಯಾಂಡ್ ಗೆದ್ದಂತೆ ಎನ್ನುತ್ತಾರೆ. ಎರಡು ವರ್ಷ ದಾಟುವ ಹೊತ್ತಿಗೆ ನಾನು 84ಕ್ಕೆ ಬಂದೆ. ಸಕ್ಕರೆಯ ಗುಳಿಗೆ ಅರ್ಧಕ್ಕಿಳಿಯಿತು. ನಡುವೆ ಕೂದಲು ಹಿಡಿ ಹಿಡಿಯಾಗಿ ಉದುರಿ ಮತ್ತೆ ಬಂತು. ತೋಳಿನ ಚರ್ಮ ಮಾತ್ರ ಹೋದ ತೂಕದ ನೆನಪಿಗೆ ಜೋತುಕೊಂಡೇ ಉಳಿಯಿತು. ಕುಪ್ಪಸ ಹೊಲಿಯುವಾಕೆ ಪ್ರತಿ ಸಲ ಹಳೆಯ ಅಳತೆಯ ಚೀಟಿ ಹುಡುಕಿ, ಹರಿದು, "ನಿಮ್ಮ ಸಲುವಾಗಿ ಒಂದು ವಹಿ ಮುಗೀತ್ರಿ" ಎನ್ನುತ್ತಿದ್ದಳು.

ಊರಿಗೆ ಖುಷಿಯಾಗಲಿಲ್ಲ. ದಪ್ಪಗಿದ್ದಾಗ ಯಾರೂ ನನ್ನ ಆರೋಗ್ಯ ವಿಚಾರಿಸಿದವರಲ್ಲ. ಮೈ ತುಂಬಿಕೊಂಡವಳು ಉಂಡುಟ್ಟು ಸುಖವಾಗಿದ್ದಾಳೆ ಎಂದೇ ನಮ್ಮ ಕಡೆ ತಿಳಿವಳಿಕೆ. ಇಳಿಯತೊಡಗಿದ್ದೇ ತಡ, ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ಗೇಟಿನಲ್ಲಿ ಒಂದೇ ಪ್ರಶ್ನೆ: "ಯಾಕ್ರಿ ಅಕ್ಕೋರ, ಭಾಳ ಸೊರಗೀರಲ್ಲ? ಆರಾಮಿಲ್ಲೇನು?" ಕೆಲವರು ನಮ್ಮ ಮನೆಯವರನ್ನು ಬದಿಗೆ ಕರೆದು ಕೇಳಿದರು. ಇನ್ನು ಕೆಲವರು ನನ್ನನ್ನೇ ಬದಿಗೆ ಕರೆದು, ಎಷ್ಟು ಖರ್ಚಾಯಿತೆಂದು ಕೇಳಿದರು. ಇವರೆಲ್ಲ ಹೆಂಗಸರು, ಎಲ್ಲರೂ ಕೇಳಿದ್ದು ತಂಗಿಗಾಗಿ, ಯಾರೂ ತಮಗಾಗಿ ಅಲ್ಲ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗ, ಆಪರೇಷನ್ ಆಗಿ ಎಷ್ಟೋ ವರ್ಷವಾಗಿದ್ದ ನನಗೆ ಫೋನಿನ ಮೇಲೆ ಫೋನು. ಇಪ್ಪತ್ತೊಂದು ವರ್ಷದ ಹುಡುಗಿ. ಅದು ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆದು ಮೈಯ ಆಕಾರ ತಿದ್ದುವ ಚಿಕಿತ್ಸೆ, ಇದು ಜಠರದ್ದು ಎಂದು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದೆ. ಹೇಳುತ್ತ ಹೋದಂತೆ ನನಗೇ ಆ ವ್ಯತ್ಯಾಸದ ಬಗ್ಗೆ ಮಾತಾಡುವ ಹುಮ್ಮಸ್ಸು ಹೋಯಿತು. ತೆಳ್ಳಗಾಗು ಎಂದು ಆ ಹುಡುಗಿಗೆ ಹೇಳುತ್ತಿದ್ದ ಲೋಕವೂ, ಯಾಕೆ ಸೊರಗಿದೆ ಎಂದು ನನ್ನನ್ನು ಕೇಳುವ ಲೋಕವೂ ಬೇರೆಬೇರೆಯೇನಲ್ಲ.

ಬ್ಯಾಂಡಿನ ನಿಜವಾದ ಕಷ್ಟ ಆಪರೇಷನ್ನಿನದಲ್ಲ, ಆಮೇಲಿನ ಆರೈಕೆಯದು. ಪಟ್ಟಿಯನ್ನು ಬಿಗಿಯಬೇಕು, ಬಿಗಿ ಹೆಚ್ಚಾದರೆ ಸಡಿಲಿಸಬೇಕು, ಅದೂ ಬಲ್ಲವರ ಕೈಯಿಂದಲೇ. ಅದಕ್ಕಾಗಿ ನಾನು ಕುಂದಗೋಳದಿಂದ ಹುಬ್ಬಳ್ಳಿಗೆ ಹೋಗಿ, ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಸವೆಸಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಒಂದು ಎಂ.ಎಲ್. ಉಪ್ಪುನೀರು ತುಂಬಿಸಿಕೊಂಡು, ಅವರೆದುರು ಒಂದು ಲೋಟ ನೀರು ಕುಡಿದು ತೋರಿಸಿ, ಅದೇ ರಾತ್ರಿ ಅದೇ ರೈಲಿಗೆ ವಾಪಸಾಗುತ್ತಿದ್ದೆ. ಒಂದು ಎಂ.ಎಲ್.! ನಮ್ಮ ಮನೆಯವರು ರೈಲಿನ ಚಾರ್ಜನ್ನು ಎಂ.ಎಲ್.ನಿಂದ ಭಾಗಿಸಿ, ಕುಂಕುಮಕೇಸರಿಯೂ ಇಷ್ಟು ತುಟ್ಟಿಯಿಲ್ಲ ಎಂದು ಷರಾ ಬರೆದರು. ದೊಡ್ಡ ಊರಿನಲ್ಲಿ ಮನೆಯಿದ್ದವರಿಗೆ ಮಾತ್ರ ಒಗ್ಗುವ ಚಿಕಿತ್ಸೆ ಇದು. ರಾತ್ರಿ ಹತ್ತಕ್ಕೆ ತುತ್ತೊಂದು ಸಿಕ್ಕಿಕೊಂಡರೆ ನಮ್ಮ ತಾಲೂಕಿನಲ್ಲಿ ಗ್ಯಾಸಿನ ಔಷಧ ಸಿಗಬಹುದು, ಈ ಬಿಲ್ಲೆಗೆ ಚುಚ್ಚುವ ಸೂಜಿ ಎಲ್ಲಿಂದ ತರುವುದು?

ಹಾಗಾದರೆ ಸುಖ? ಇದೆ. ನಮ್ಮೂರ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಗೆ ವರ್ಷವೂ ಸಂಗೀತ ನಡೆಯುತ್ತದೆ. ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಗುರುವಿನ ಮನೆಗೆ ನೀರು ಹೊತ್ತು ಕಲಿತ ಊರು ಇದು. ಎಷ್ಟೋ ವರ್ಷ ನಾನು ಆ ಸಂಗೀತವನ್ನು ಹಿಂದೆ, ಗೋಡೆಗೆ ಹಾಕಿದ ಕುರ್ಚಿಯಿಂದ ಕೇಳಿದವಳು. ನೆಲದ ಮೇಲೆ ಕೂತರೆ ಏಳಲು ಇಬ್ಬರು ಬೇಕಿತ್ತು, ಎಬ್ಬಿಸುವಾಗಿನ ಆ ನಗು ಬೇಡವಾಗಿತ್ತು. ತೊಂಬತ್ತರ ಕೆಳಗೆ ಬಂದ ವರ್ಷ ಜಮಖಾನದ ಮೇಲೆ ಮುಂದಿನ ಸಾಲಿನಲ್ಲೇ ಕೂತೆ, ತಂಬೂರಿಯ ತಂತಿ ಮಿಡಿಯುವ ಬೆರಳು ಕಾಣುವಷ್ಟು ಹತ್ತಿರ. ಖ್ಯಾಲು ಒಂದೊಂದೇ ಸ್ವರ ಹಿಡಿದು ಏರುವಾಗ ಕಾಲು ಮಡಚಿ ತಾಸುಗಟ್ಟಲೆ ಕೂತಿದ್ದೆ. ನಡುರಾತ್ರಿ ಚಹಾಕ್ಕೆಂದು ಎಲ್ಲರೂ ಎದ್ದಾಗ ನಾನೂ ಎದ್ದೆ, ಯಾರ ಕೈಯನ್ನೂ ಹಿಡಿಯದೆ. ಆ ವರ್ಷ ಯಾರು ಏನು ಹಾಡಿದರೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ಎದ್ದದ್ದು ಚೆನ್ನಾಗಿ ನೆನಪಿದೆ. ನಾಗರ ಪಂಚಮಿಗೆ ತವರಿಗೆ ಹೋದಾಗ ಜೋಕಾಲಿ ಹತ್ತಿದೆ. ಹತ್ತನೆಯ ವಯಸ್ಸಿಗೇ "ಹಗ್ಗ ಹರೀತೈತಿ, ನೀ ಇಳಿ" ಎನ್ನಿಸಿಕೊಂಡಿದ್ದವಳು ನಾನು. ತಮ್ಮ ಜೀಕಿದ. ಉಂಡಿಯ ತಾಟು ಹಿಡಿದು ನಿಂತ ಅವ್ವ, "ಸಾಕು ಇಳಿಯವ್ವ, ಉಣ್ಣೂದ ಬಿಟ್ಟೀದಿ, ತಲಿ ತಿರಗ್ತೈತಿ" ಎಂದಳು.

ಈಗ ಬ್ಯಾಂಡಿನ ಕಾಲ ಮುಗಿದಿದೆ. 2008ರಲ್ಲಿ ಜಗತ್ತಿನಲ್ಲಿ ನಡೆದ ಇಂಥ ಆಪರೇಷನ್ನುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಬ್ಯಾಂಡಿನವೇ ಆಗಿದ್ದವು. ಐದು ವರ್ಷದಲ್ಲಿ ಅದು ಹತ್ತರ ಆಸುಪಾಸಿಗೆ ಬಿತ್ತು. ಪಟ್ಟಿ ಜಾರುವುದು, ಜಠರದ ಗೋಡೆಯನ್ನು ಸವೆಸಿ ಒಳಗೆ ತೂರುವುದು, ನಳಿಕೆ ಸೋರುವುದು, ತೂಕ ಮರಳುವುದು, ಹೀಗೆ ವರ್ಷ ಕಳೆದಂತೆ ತೆಗೆಸಿಕೊಳ್ಳುವವರೇ ಹೆಚ್ಚಾದರು. ಈಗ ಜಠರದ ಬಹುಪಾಲನ್ನು ಕತ್ತರಿಸಿ ತೆಗೆದು ಕೊಳವೆಯಷ್ಟು ಉಳಿಸುವ ಸ್ಲೀವ್ ಆಪರೇಷನ್ನಿನದೇ ಮೇಲುಗೈ. ನಾನು ಮಾಡಿಸಿಕೊಂಡಾಗ ಒಂದು ರೂಪಾಯಿ ಕೊಡದ ವಿಮೆಯವರೂ, 2019ರ ನಿಯಮಗಳ ನಂತರ ಬಿ.ಎಂ.ಐ. 40 ದಾಟಿದ್ದರೆ, ಗಂಭೀರ ಕಾಯಿಲೆ ಜೊತೆಗಿದ್ದರೆ 35 ದಾಟಿದ್ದರೂ, ಷರತ್ತಿನ ಮೇಲೆ ಕೊಡಬೇಕಾಗಿದೆ. ಎದೆಯುರಿ ಎಂದು ಹುಬ್ಬಳ್ಳಿಗೆ ಹೋದಾಗ ಎಕ್ಸ್‌ರೇಯಲ್ಲಿ ನನ್ನ ಪಟ್ಟಿ ನೋಡಿದ ಚಿಕ್ಕ ವಯಸ್ಸಿನ ಡಾಕ್ಟರು ಕಲಿಯುವ ಹುಡುಗರನ್ನೆಲ್ಲ ಕರೆದು, "ಬರ್ರಿ, ಬ್ಯಾಂಡ್ ನೋಡ್ರಿ, ಇನ್ನ ಸಿಗಾಂಗಿಲ್ಲ" ಎಂದರು. ಹುಡುಗರು ಫೋಟೋ ತೆಗೆದುಕೊಂಡರು. ಸಲೈನ್ ಸ್ವಲ್ಪ ತೆಗೆದರು, ಉರಿ ನಿಂತಿತು. ತೂಕ 88ಕ್ಕೆ ಹೋಗಿ ಅಲ್ಲಿಯೇ ನಿಂತಿದೆ. "ತಕರಾರು ಮಾಡದಿದ್ರ ಇರ್ಲಿ ಬಿಡ್ರಿ, ವರ್ಷಕ್ಕೊಮ್ಮೆ ತೋರಸ್ರಿ" ಎಂದರು ಡಾಕ್ಟರು.

ನೆಗೆಣ್ಣಿಗೂ ಈಗ ಸಕ್ಕರೆ ಬಂದಿದೆ, ಮೊಣಕಾಲು ಹಿಡಿದಿದೆ. 2025ರಲ್ಲಿ ಮೌಂಜಾರೋ, ವೆಗೋವಿ ಎಂದು ವಾರಕ್ಕೊಂದು ಸಲ ಚುಚ್ಚಿಕೊಳ್ಳುವ ಇಂಜೆಕ್ಷನ್ನುಗಳು ನಮ್ಮ ದೇಶಕ್ಕೆ ಬಂದದ್ದನ್ನು ಆಕೆಯ ಮಗ ಮೊಬೈಲಿನಲ್ಲಿ ತೋರಿಸಿದ್ದಾನೆ. ಮೊನ್ನೆ ಪಡಸಾಲೆಯಲ್ಲಿ ಉಣ್ಣುವಾಗ ಕೇಳಿದಳು.

"ಆ ಸೂಜಿ ಚುಚ್ಚಿಸ್ಕೊಂಡ್ರ ಬಿಸಿ ರೊಟ್ಟಿ ಉಣ್ಣಾಕ ಬರ್ತೈತೇನು?"

"ಬರ್ತೈತಿ. ಸಿಕ್ಕೊಳ್ಳಾಂಗಿಲ್ಲ. ಖರೇ ಅಂದ್ರ, ಉಣ್ಣಬೇಕು ಅಂತ ಅನಸೂದs ಕಡಿಮಿ ಆಗ್ತೈತಂತ. ಹಸಿವಿ ಅಷ್ಟಾಗಿ ಇರಾಂಗಿಲ್ಲ."

ಆಕೆ ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

"ಅಂದ್ರ ನಿನಗ ಹಸಿವಿ ಇತ್ತೇನು, ಇಷ್ಟ್ ವರ್ಷ?"

"ಇತ್ತಲ್ಲ ಅಕ್ಕಾ. ಈಗೂ ಐತಿ."

"ಮತ್ತ ಹೇಳಬೇಕಿಲ್ಲೇನು" ಎಂದು, ಎದ್ದು ಹೋಗಿ, ಡಬ್ಬಿಯಿಂದ ಇನ್ನೊಂದು ಸಣ್ಣ ಕಡಕ್ ರೊಟ್ಟಿ ತಂದು, ಕೇಳದೆ ನನ್ನ ತಾಟಿಗೆ ಹಾಕಿದಳು.